ಮಗಳ ಸೈಕಲಿನ ಚೈನು, ನನ್ನ ಉಗುರಿನ ಮಸಿ



ಸ್ವಲ್ಪ ಉದ್ದ ಆಗ್ತದೆ. ಪುರುಸೊತ್ತಿದ್ದಾಗ ಓದಿ.

ಮೊನ್ನೆ ಸೋಮವಾರ ಕಚೇರಿಯಲ್ಲಿ ಫೈಲು ದಾಟಿಸುವಾಗ ಪಕ್ಕದ ಮೇಜಿನವರ ಕಣ್ಣು ನನ್ನ ಕೈ ಮೇಲೆ ಬಿತ್ತು. ಉಗುರಿನ ಸಂದಿಯಲ್ಲೆಲ್ಲ ಕಪ್ಪು ಮಸಿ. ಹಿಂದಿನ ದಿನ ಮಗಳ ಜೊತೆ ಅಂಗಳದಲ್ಲಿ ಕೂತು ಅವಳ ಸೈಕಲಿನ ಚೈನು, ಗೇರು ಬದಲಾಯಿಸಿದ್ದೆ. ಬಟ್ಟೆ ಸೋಪು, ಲಿಂಬೆ ಸಿಪ್ಪೆ, ತೆಂಗಿನ ನಾರು ಎಲ್ಲ ಹಾಕಿ ತಿಕ್ಕಿದ ಮೇಲೂ ಉಳಿದ ಗ್ರೀಸು ಅದು. "ಎಂತ ಮಾರಾಯ್ರೆ, ಗ್ಯಾರೇಜ್ ಶುರು ಮಾಡಿದ್ರಾ?" ಅಂತ ಕೇಳಿದರು. ವಿಷಯ ಹೇಳಿದೆ. ಅವರಿಗೆ ನಿಜವಾಗಿಯೂ ಖುಷಿಯಾಯಿತು. "ಅದೇ ನೋಡಿ, ನಿಮ್ಮವರಿಗೆ ಕೈಕೆಲಸ ರಕ್ತದಲ್ಲೇ ಇರ್ತದೆ. ನಮ್ಮಲ್ಲಿ ಒಂದು ಬಲ್ಬು ಹಾಕ್ಲಿಕ್ಕೂ ಜನ ಕರೀಬೇಕು" ಅಂದರು.

ಅದರಲ್ಲಿ ಕುಹಕ ಇರಲಿಲ್ಲ. ಅದೇ ಕಷ್ಟ. ಬೈದಿದ್ದರೆ ಉತ್ತರ ನಾಲಗೆಯ ತುದಿಯಲ್ಲೇ ಇತ್ತು, ಇಪ್ಪತ್ತು ವರ್ಷದಿಂದ ಅದನ್ನೇ ಅಲ್ವಾ ಮಾಡ್ತಾ ಬಂದದ್ದು. ಹೊಗಳಿದವರಿಗೆ ಎಂತ ಹೇಳುವುದು? "ಹೌದಾ" ಅಂತ ಹೇಳಿ ಫೈಲು ಕೊಟ್ಟು ಬಂದೆ. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೀತಿದ್ದೇನೆ.

ಮೊದಲು ಆ ರಕ್ತದ ವಿಷಯ. ಮೂರು ತಿಂಗಳ ಹಿಂದೆ ನನಗೆ ಸೈಕಲಿನ ಹಿಂದಿನ ಚಕ್ರ ಬಿಚ್ಚಲಿಕ್ಕೂ ಗೊತ್ತಿರಲಿಲ್ಲ. ಟಿಪ್ಪಣಿ ಬರೆಯಲಿಕ್ಕೆ ಗೊತ್ತು, ಮನವಿ ಪತ್ರವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರೆದು ಕೊಡ್ತೇನೆ. ಸ್ಪ್ಯಾನರ್ ಹಿಡಿದದ್ದು ಜೀವನದಲ್ಲಿ ಎರಡು ಮೂರು ಸಲ, ಅದೂ ಯಾರೋ "ಸ್ವಲ್ಪ ಹಿಡ್ಕೊಳ್ಳಿ" ಅಂದದ್ದಕ್ಕೆ. ನನ್ನ ರಕ್ತದಲ್ಲಿ ಇರುವುದು ಸ್ವಲ್ಪ ಸಕ್ಕರೆ, ಅದು ಕಳೆದ ವರ್ಷದ ರಿಪೋರ್ಟಿನಲ್ಲಿ ಉಂಟು. ಸ್ಪ್ಯಾನರಿನ ಸುದ್ದಿ ಅದರಲ್ಲಿ ಇಲ್ಲ.

ಸೈಕಲ್ ಮಗಳದ್ದು. ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟ ಒಬ್ಬ ವಿದ್ಯಾರ್ಥಿಯಿಂದ 3,500 ರೂಪಾಯಿಗೆ ತೆಗೆದುಕೊಂಡದ್ದು. ನೋಡಲಿಕ್ಕೆ ಗುಡ್ಡ ಹತ್ತುವ ಸೈಕಲಿನ ಹಾಗೆ ದಪ್ಪ ಟಯರು, ಮುಂದೆ ಸ್ಪ್ರಿಂಗು. ಎತ್ತಿದರೆ ಗೊತ್ತಾಗ್ತದೆ, ಕಬ್ಬಿಣ. ಹ್ಯಾಂಡಲಿನ ಕೆಳಗೆ "21 ಗೇರ್" ಅಂತ ಸ್ಟಿಕರ್. ಮುಂದೆ 42, 34, 24 ಹಲ್ಲಿನ ಮೂರು ಚಕ್ರ, ಹಿಂದೆ 14ರಿಂದ 28 ಹಲ್ಲಿನವರೆಗೆ ಏಳು. ಮೂರೇಳಲಿ ಇಪ್ಪತ್ತೊಂದು ನಿಜ. ಆದರೆ ಅದರಲ್ಲಿ ನೆಟ್ಟಗೆ ಬೀಳುತ್ತಿದ್ದದ್ದು ನಾಲ್ಕೋ ಐದೋ.

ಮಣಿಪಾಲ ಅಂದರೆ ಗುಡ್ಡದ ತಲೆ. ಉಡುಪಿಯಿಂದ ಬಂದರೂ ಏರು, ನಮ್ಮ ಪರ್ಕಳದ ಕಡೆಯಿಂದ ಬಂದರೂ ಏರು. ಶಾಲೆಗೆ ಹೋಗುವಾಗ ಈಶ್ವರನಗರದ ಏರಿನಲ್ಲಿ ಮಗಳು ಇಳಿದು ತಳ್ಳುತ್ತಿದ್ದಳು. ಒಂದು ದಿನ ಬಂದು, "ಅಪ್ಪಾ, ಹಿಂದೆ ಇನ್ನೊಂದು ದೊಡ್ಡ ಚಕ್ರ ಇದ್ರೆ ಇಳೀಬೇಕೂಂತ ಇಲ್ಲ. ಹಾಕ್ಲಿಕ್ಕೆ ಆಗ್ತದಾ?" ಅಂತ ಕೇಳಿದಳು. ಒಂದು ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವರು ಸೈಕಲಿನ ಹತ್ತಿರ ಬಗ್ಗಲೂ ಇಲ್ಲ. "ಇಂಥದ್ದಕ್ಕೆ ದುಡ್ಡು ಹಾಕಿದ್ರೆ ದಂಡ. ಹೊಸದು ತಗೊಳ್ಳಿ" ಅಂದು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದರು.

ಅವಳು "ಇಳೀಬೇಕೂಂತ ಇಲ್ಲ" ಅಂದದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾಕೆ ಅಂತ ಹೇಳ್ತೇನೆ.

ನನ್ನ ಅಪ್ಪನಿಗೂ ಒಂದು ಸೈಕಲ್ ಇತ್ತು. ಕಾಪುವಿನಲ್ಲಿ, ಸೆಕೆಂಡ್ ಹ್ಯಾಂಡ್, ಕರಿ ಬಣ್ಣದ ದೊಡ್ಡ ಸೈಕಲ್. ನನ್ನನ್ನು ಮುಂದಿನ ಬಾರಿನ ಮೇಲೆ ಟವೆಲ್ ಸುತ್ತಿ ಕೂರಿಸಿ ಶಾಲೆಗೆ ಬಿಡುತ್ತಿದ್ದರು. ಕಾಪು ನಿಮಗೆ ಗೊತ್ತಲ್ಲ, ಸಮುದ್ರದ ಬದಿಯ ಸಪಾಟು ಊರು, ಏರು ಅಂತ ಏನೂ ಇಲ್ಲ. ಆದರೂ ದಾರಿಯಲ್ಲಿ ಒಂದು ಕಡೆ ಅಪ್ಪ ಇಳಿಯುತ್ತಿದ್ದರು. ನನ್ನನ್ನೂ ಇಳಿಸುತ್ತಿದ್ದರು. "ಚೈನು ತಪ್ಪಿತು ಮಗಾ" ಅಂತ ಹೇಳಿ ತಲೆ ತಗ್ಗಿಸಿ ಸೈಕಲನ್ನು ತಳ್ಳಿಕೊಂಡು ಒಂದು ಉದ್ದ ಕಂಪೌಂಡಿನ ಗೋಡೆ ದಾಟಿ, ಆಚೆ ಹೋಗಿ ಪುನಃ ಹತ್ತುತ್ತಿದ್ದರು. ಅದು ಒಂದು ಗುತ್ತಿನ ಮನೆ. ಭೂಸುಧಾರಣೆ ಬಂದು ಆಗಲೇ ಹದಿನೈದು ವರ್ಷ ಆಗಿತ್ತು. ಗೇಟಿನಲ್ಲಿ ಬೋರ್ಡು ಇರಲಿಲ್ಲ, ಯಾರೂ ತಡೆದದ್ದನ್ನು ನಾನು ನೋಡಲಿಲ್ಲ. ಅಪ್ಪನ ಸೈಕಲಿನ ಚೈನು ಮಾತ್ರ ದಿನಾಲೂ ಅದೇ ಜಾಗದಲ್ಲಿ ತಪ್ಪುತ್ತಿತ್ತು. ಹೈಸ್ಕೂಲಿಗೆ ಹೋಗುವವರೆಗೂ ನಾನು ಅದನ್ನು ನಂಬಿದ್ದೆ.

ಇದು ಒಂದು ಮನೆಯ, ಒಂದು ಊರಿನ ಕತೆ ಅಲ್ಲ ಅಂತ ನಿಮಗೆ ಗೊತ್ತಿದೆ. ಗೊತ್ತಿಲ್ಲದವರು ದೌರ್ಜನ್ಯ ತಡೆ ಕಾಯ್ದೆ ತೆಗೆದು ನೋಡಿ. 1989ರ ಆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಗಿ, 2016ರ ಜನವರಿ 26ರಿಂದ ಜಾರಿಗೆ ಬಂತು. ಅದರ 3ನೇ ಕಲಮಿನಲ್ಲಿ ದೌರ್ಜನ್ಯ ಅಂದರೆ ಯಾವುದೆಲ್ಲ ಅಂತ ಉದ್ದ ಪಟ್ಟಿ ಉಂಟು. ಸಾರ್ವಜನಿಕ ಜಾಗದಲ್ಲಿ ಸೈಕಲ್, ಮೋಟಾರ್ ಸೈಕಲ್ ಹತ್ತಿ ಹೋಗದಂತೆ ತಡೆಯುವುದು, ಚಪ್ಪಲಿ, ಹೊಸಬಟ್ಟೆ ಹಾಕದಂತೆ ತಡೆಯುವುದು, ಮದುವೆ ಮೆರವಣಿಗೆ ತಡೆಯುವುದು, ಎಲ್ಲ ಸೇರಿದೆ. ಈ ದೇಶದ ಪಾರ್ಲಿಮೆಂಟು 21ನೇ ಶತಮಾನದಲ್ಲಿ ಕೂತು ಸೈಕಲ್ ಅಂತ ಕಾಯ್ದೆಯಲ್ಲಿ ಬರೆಯಬೇಕಾಯಿತು. ಸುಮ್ಮನೆ ಬರೆದದ್ದಲ್ಲ.

ಹಾಗಾಗಿ ಮಗಳು ಏರಿನಲ್ಲಿ ಇಳಿಯುವುದು ಬರೀ ಗೇರಿನ ಸಮಸ್ಯೆ ಅಂತ ಗೊತ್ತಿದ್ದರೂ, ಅದನ್ನು ಸರಿ ಮಾಡದೆ ಬಿಡಲು ನನಗೆ ಆಗಲಿಲ್ಲ. ಅವಳಿಗೆ ಅಜ್ಜನ ಕತೆ ಹೇಳಿರಲಿಲ್ಲ ಆಗ.

ಕೆಲಸ ಶುರುವಾದದ್ದು ಅವಳ ಸ್ಕೇಲಿನಿಂದ. ಚೈನಿನ ಒಂದೊಂದು ಕೊಂಡಿಗೆ ಅರ್ಧ ಇಂಚು. ಹೊಸ ಚೈನಿನಲ್ಲಿ 24 ಕೊಂಡಿ ಅಳೆದರೆ ಸರಿಯಾಗಿ 12 ಇಂಚು ಬರಬೇಕು. ಶಾಲೆಯ ಸ್ಕೇಲೂ 12 ಇಂಚೇ, ಸುಲಭ. ಇಂಚಿನ ಎಂಟನೇ ಒಂದು ಭಾಗ ಹೆಚ್ಚು ಬಂದರೆ ಚೈನಿನ ಆಯುಷ್ಯ ಮುಗಿಯಿತು ಅಂತ ಲೆಕ್ಕ. ನಮ್ಮದು ಅದನ್ನೂ ದಾಟಿತ್ತು. ಚೈನು ಉದ್ದ ಆಗುವುದು ಕಬ್ಬಿಣ ಹಿಗ್ಗಿ ಅಲ್ಲ, ಒಳಗಿನ ಪಿನ್ನುಗಳು ಸವೆದು ಪ್ರತಿ ಕೊಂಡಿಯಲ್ಲೂ ಸ್ವಲ್ಪ ಸ್ವಲ್ಪ ಜಾಗ ಆಗಿ. ಸವೆದ ಚೈನು ಮತ್ತೆ ಚಕ್ರದ ಹಲ್ಲನ್ನೂ ತಿನ್ನುತ್ತದೆ. ತಪ್ಪು ನಮ್ಮದೂ ಉಂಟು. ಕರ ಕರ ಶಬ್ದ ಬಂದಾಗಲೆಲ್ಲ ನಾವು ಹಾಕುತ್ತಿದ್ದದ್ದು ತೆಂಗಿನೆಣ್ಣೆ. ಅದರ ಮೇಲೆ ನಮ್ಮ ಕೆಂಪುಕಲ್ಲಿನ ಧೂಳು ಹಿಡಿದರೆ ಅದು ಎಣ್ಣೆ ಅಲ್ಲ, ಮರಳು ಕಾಗದ.

ಅಲ್ಲೇ ಇನ್ನೊಂದು ವಿಷಯ ಕಂಡಿತು. ಮುಂದಿನ ಮೂರು ಚಕ್ರಗಳನ್ನು ರಿವೆಟ್ ಹೊಡೆದು ಕೂರಿಸಿದ್ದಾರೆ. ಒಂದರ ಹಲ್ಲು ಸವೆದರೆ ಮೂರನ್ನೂ ಒಟ್ಟಿಗೆ ಎಸೆಯಬೇಕು. ಸ್ವಲ್ಪ ದುಬಾರಿ ಸೈಕಲಿನಲ್ಲಿ ಅದೇ ಜಾಗದಲ್ಲಿ ಬೋಲ್ಟ್ ಇರ್ತದೆ, ಸವೆದದ್ದನ್ನು ಮಾತ್ರ ಬಿಚ್ಚಿ ಬದಲಾಯಿಸಬಹುದು. ಬಡವರಿಗೆ ಮಾರುವ ವಸ್ತುವನ್ನು ಬಿಚ್ಚಲಿಕ್ಕೆ ಆಗದ ಹಾಗೆ ಮಾಡುವುದು, ಆಮೇಲೆ "ಇವರಿಗೆ ವಸ್ತು ಇಟ್ಟುಕೊಳ್ಳಲಿಕ್ಕೆ ಬರುವುದಿಲ್ಲ" ಅನ್ನುವುದು. ಮುಂದಿನದ್ದನ್ನು ಹಾಗೇ ಬಿಟ್ಟೆವು.

ಹಿಂದಿನದ್ದಕ್ಕೆ 14ರಿಂದ 34 ಹಲ್ಲಿನವರೆಗಿನ ಏಳು ಚಕ್ರದ ಹೊಸ ಫ್ರೀವೀಲ್ ತರಿಸಿದೆವು. ಅಷ್ಟು ದೊಡ್ಡ ಚಕ್ರಕ್ಕೆ ಹಳೆಯ ಡಿರೇಲರ್, ಅಂದರೆ ಚೈನನ್ನು ಆಚೆ ಈಚೆ ದಾಟಿಸುವ ಆ ಜೋತಾಡುವ ಕೈ, ಮುಟ್ಟುವುದಿಲ್ಲ. ಅದಕ್ಕೆ ಉದ್ದ ಕಾಲಿನದ್ದು ಬೇಕು. ಗೇರ್ ಬದಲಿಸುವ ಹಿಡಿ ಹಳೆಯದೇ ಸಾಕು, ಏಳಕ್ಕೆ ಏಳು ಸರಿಹೊಂದುತ್ತದೆ. ಫ್ರೀವೀಲಿಗೆ 750, ಡಿರೇಲರಿಗೆ 850, ಚೈನಿಗೆ 450, ಕೇಬಲಿಗೆ 100. ಫ್ರೀವೀಲ್ ಬಿಚ್ಚುವ ಟೂಲು 200, ಚೈನ್ ಕಟ್ಟರ್ 250. ಒಟ್ಟು 2,600 ರೂಪಾಯಿ. "ಸೈಕಲಿಗೆ ಮೂರೂವರೆ ಸಾವಿರ, ಅದರ ಚೈನಿಗೆ ಇಷ್ಟಾ?" ಅಂತ ಹೆಂಡತಿ ಕೇಳಿದ್ದು ನ್ಯಾಯವೇ. ಆದರೆ ಟೂಲು ಸವೆಯುವುದಿಲ್ಲ, ಅದರ ಮಾತು ಆಮೇಲೆ ಬರ್ತದೆ.

ಹಳೆಯ ಫ್ರೀವೀಲ್ ಬಿಚ್ಚಲಿಕ್ಕೆ ಹೋದಾಗ ನಮ್ಮ ಬಂಡವಾಳ ಗೊತ್ತಾಯಿತು. ಅದು ಚಕ್ರದ ಗುಂಬಕ್ಕೆ ಮರೆಯಲ್ಲಿ ತಿರುಗಿಸಿ ಕೂರಿಸಿದ್ದು. ಪೆಡಲ್ ತುಳಿದಷ್ಟೂ ಬಿಗಿಯಾಗ್ತಾ ಹೋಗ್ತದೆ. ವರ್ಷಗಟ್ಟಲೆ ತುಳಿದು, ಮೇಲಿಂದ ಎರಡು ಮಳೆಗಾಲ ಹಾಸ್ಟೆಲಿನ ಹೊರಗೆ ನೆನೆದ ಸೈಕಲ್. ನಾನು ಟೂಲು ಹಾಕಿ, ಸ್ಪ್ಯಾನರ್ ಕಚ್ಚಿಸಿ, ಸ್ಪ್ಯಾನರಿನ ಮೇಲೆ ನಿಂತೇ ನೋಡಿದೆ. ಜಾರಿ ಬಿದ್ದು ಮೊಣಕೈ ಕೆತ್ತಿ ಹೋಯಿತು. ಮಗಳು ನಗು ತಡೆಯಲಿಕ್ಕೆ ಒಳಗೆ ಓಡಿದಳು.

ಚಕ್ರ ಹಿಡಿದುಕೊಂಡು ಕಾಪುವಿಗೆ ಹೋದೆವು. ಚಿಕ್ಕಪ್ಪನ ಮಗ ಅಲ್ಲಿ ಗ್ರಿಲ್ ವೆಲ್ಡಿಂಗ್ ಮಾಡ್ತಾನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅವನು ಒಮ್ಮೆ ನೋಡಿ, "ಅಣ್ಣಾ, ನೀವು ಓದಿದವರು ಟೂಲನ್ನು ಯಾಕೆ ತಿರುಗಿಸ್ಲಿಕ್ಕೆ ಹೋಗ್ತೀರಿ? ಟೂಲನ್ನು ವೈಸಿನಲ್ಲಿ ಕಚ್ಚಿಸಿ, ಚಕ್ರವನ್ನೇ ತಿರುಗಿಸಿ" ಅಂದ. ಟೂಲು ಬಿಗಿಯಾಗಿ ಕೂತಿತು, ಅದರ ಮೇಲೆ ಚಕ್ರ ಮಲಗಿತು. ಮಗಳು ಒಂದು ಬದಿ, ಅವನು ಒಂದು ಬದಿ, ಬಸ್ಸಿನ ಸ್ಟೇರಿಂಗ್ ಹಿಡಿದ ಹಾಗೆ ಹಿಡಿದು ಎಡಕ್ಕೆ ಎಳೆದರು. ಟಕ್ ಅಂತ ಬಿಟ್ಟಿತು. ಇಷ್ಟೇ. ಅಷ್ಟು ಅಗಲದ ಚಕ್ರವೇ ಉದ್ದದ ಹಿಡಿಯಾಗಿ ಕೆಲಸ ಮಾಡ್ತದೆ, ಎಂಟನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ ನಾನು ಸನ್ನೆಕೋಲು ಅಂತ ಓದಿ ಮಾರ್ಕು ತಗೊಂಡದ್ದು ಇದನ್ನೇ.

ಬಸ್ಸಿನಲ್ಲಿ ವಾಪಸು ಬರುವಾಗ ನಾಚಿಕೆಯಾಯಿತು. ಇಷ್ಟು ವರ್ಷದಲ್ಲಿ ಅವನ ಕೆಲಸದ ಬಗ್ಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: "ನಿಗಮದ ಸಾಲಕ್ಕೆ ಅರ್ಜಿ ಹಾಕಿದ್ದೀಯಾ?" ಅವನಿಂದ ಏನಾದರೂ ಕಲಿಯಲಿಕ್ಕೆ ಉಂಟು ಅಂತ ಅನಿಸಿಯೇ ಇರಲಿಲ್ಲ. ವೇದಿಕೆಯಲ್ಲಿ ಶ್ರಮದ ಘನತೆಯ ಬಗ್ಗೆ ಎಷ್ಟು ಭಾಷಣ ಮಾಡಿದ್ದೇನೆ ಅಂತ ಲೆಕ್ಕ ಹಾಕುವುದು ಬೇಡ.

ಮುಂದಿನ ತಪ್ಪು ಪೂರ್ತಿ ನನ್ನದು. ಹೊಸ ಚೈನು 116 ಕೊಂಡಿ ಬರ್ತದೆ, ಸೈಕಲಿಗೆ ಬೇಕಾದಷ್ಟು ಇಟ್ಟು ಉಳಿದದ್ದು ತೆಗೀಬೇಕು. ಹಳೆಯದರಲ್ಲಿ 104 ಇತ್ತು. ನಾನು 104ಕ್ಕೆ ಕತ್ತರಿಸಿದೆ. ಮಗಳು, "ಅಪ್ಪಾ, ಹಿಂದಿನ ಚಕ್ರ ದೊಡ್ಡದಾಯ್ತಲ್ಲ, ಚೈನೂ ಉದ್ದ ಬೇಡ್ವಾ?" ಅಂತ ಕೇಳಿದ್ದಳು. "ಕಂಪೆನಿಯವರು ಹಾಕಿದ ಅಳತೆ ತಪ್ಪುತ್ತದಾ?" ಅಂದಿದ್ದೆ ನಾನು. ಮುಂದೆಯೂ ದೊಡ್ಡದು, ಹಿಂದೆಯೂ ದೊಡ್ಡದು ಹಾಕಿ ನಿಧಾನ ತಿರುಗಿಸಿದಾಗ ಡಿರೇಲರ್ ನೆಟ್ಟಗೆ ಎಳೆದು ನಿಂತಿತು. ಇನ್ನೊಂದು ಇಂಚು ತಿರುಗಿಸಿದ್ದರೆ 850 ರೂಪಾಯಿಯ ಹೊಸ ಕೈ ಮುರಿಯುತ್ತಿತ್ತು. ಚೈನನ್ನು ಡಿರೇಲರಿಗೆ ಪೋಣಿಸದೆ ಎರಡೂ ದೊಡ್ಡ ಚಕ್ರಗಳಿಗೆ ಸುತ್ತಿ, ಸೇರಿದಲ್ಲಿಂದ ಎರಡು ಕೊಂಡಿ ಹೆಚ್ಚು ಬಿಡಬೇಕು. ಅದು ಕ್ರಮ. ನಮ್ಮದಕ್ಕೆ ಹಾಗೆ ಮಾಡಿದಾಗ 108 ಬಂತು. ಕತ್ತರಿಸಿದ ತುಂಡು ಮಗಳ ಕಂಪಾಸ್ ಬಾಕ್ಸಿನಲ್ಲಿತ್ತು, ಪುಣ್ಯಕ್ಕೆ. ಅದರಿಂದ ಮೂರು ಕೊಂಡಿ, ಜೊತೆಗೆ ಕೈಯಲ್ಲೇ ಹಾಕುವ ಇನ್ನೊಂದು ಜೋಡುಕೊಂಡಿ ಸೇರಿಸಿ ಸರಿ ಮಾಡಿದೆವು. ಆ ದಿನ ಅವಳು "ನಾನು ಹೇಳಿದ್ದೆ" ಅನ್ನಲಿಲ್ಲ. ಮರುದಿನ ಹೇಳಿದಳು.

ಕೊನೆಗೆ ಹೊಂದಿಸುವ ಕೆಲಸ ಪೂರ್ತಿ ಅವಳದ್ದೇ. ಡಿರೇಲರಿನಲ್ಲಿ ಎರಡು ಸಣ್ಣ ಸ್ಕ್ರೂ ಇರ್ತದೆ. ಒಂದು ಚೈನು ಹೊರಗೆ ಬೀಳದ ಹಾಗೆ, ಒಂದು ಒಳಗೆ ಸ್ಪೋಕಿಗೆ ಸಿಕ್ಕದ ಹಾಗೆ ಬೇಲಿ. ಆಮೇಲೆ ಕೇಬಲಿನ ಬಿಗಿ, ಕಾಲು ಕಾಲು ಸುತ್ತು ತಿರುಗಿಸಿ ನೋಡಬೇಕು. ನಾನು ಕಣ್ಣಲ್ಲಿ ನೋಡ್ತಿದ್ದೆ, ಅವಳು ಕಿವಿ ಕೊಟ್ಟು ಕೇಳ್ತಿದ್ದಳು. ಚಿರ್ ಅನ್ನುವ ಶಬ್ದ ನಿಂತ ಕೂಡಲೇ "ಸಾಕು" ಅಂದಳು. ಏಳಕ್ಕೆ ಏಳೂ ಬಿತ್ತು.

ಅಂಗಳದ ಸಿಮೆಂಟಿನ ಮೇಲೆ ಚಾಕಿನಲ್ಲಿ ಗೆರೆ ಎಳೆದು ಅಳೆದೆವು. ಮೊದಲು ಅತಿ ಹಗುರ ಗೇರಿನಲ್ಲಿ ಪೆಡಲ್ ಒಂದು ಸುತ್ತು ತುಳಿದರೆ ಸೈಕಲ್ 1.77 ಮೀಟರ್ ಹೋಗ್ತಿತ್ತು. ಈಗ 1.46. ದೂರ ಕಡಿಮೆಯಾದಷ್ಟೂ ಕಾಲಿಗೆ ಭಾರ ಕಡಿಮೆ, ನೂರಕ್ಕೆ ಹದಿನೆಂಟರಷ್ಟು. ಅಜ್ಜನ ಸೈಕಲಿನದ್ದೂ ಲೆಕ್ಕ ಹಾಕಬೇಕು ಅಂತ ಅವಳಿಗೆ ಆಸೆ. ಅದು ಕಾಪುವಿನ ಮನೆಯ ಹಿಂದೆ ತುಕ್ಕು ಹಿಡಿದು ಇನ್ನೂ ಉಂಟು. ಮುಂದೆ 44 ಹಲ್ಲು, ಹಿಂದೆ 18. ಒಂದು ಸುತ್ತಿಗೆ ಸುಮಾರು 5.4 ಮೀಟರ್, ಅದೊಂದೇ ಗೇರು. "ಅಜ್ಜ ಇದರಲ್ಲಿ ಏರು ಹೇಗೆ ಹತ್ತುತ್ತಿದ್ರು?" ಅಂತ ಕೇಳಿದಳು. ಆಗ ಹೇಳಿದೆ ಕಂಪೌಂಡ್ ಗೋಡೆಯ ಕತೆ. ಸ್ವಲ್ಪ ಹೊತ್ತು ಆ ಚೈನನ್ನೇ ನೋಡ್ತಾ ಕೂತಿದ್ದಳು. "ಅಜ್ಜ ಸುಳ್ಳು ಹೇಳಿದ್ದಲ್ವಾ?" ಅಂದಳು. ಹೌದು ಅಂದೆ.

ಈಗ ನಾನು ಹೇಳಬೇಕಾದ ವಿಷಯಕ್ಕೆ ಬರ್ತೇನೆ.

ಮೊದಲ ದಿನ ಅವಳು ಚೈನಿಗೆ ಕೈ ಹಾಕಿದಾಗ ನನ್ನ ಬಾಯಿಂದ ಬಂದದ್ದು, "ಬಿಡು ಮಗಾ, ಕೈ ಕಪ್ಪು ಮಾಡ್ಕೊಳ್ಬೇಡ, ಹೋಗಿ ಓದು." ಇದು ನನ್ನ ಅಮ್ಮನ ಮಾತು. "ನಿನ್ನ ಕೈಗೆ ಪೆನ್ನಿನ ಮಸಿ ಮಾತ್ರ ಹಿಡೀಬೇಕು" ಅಂತ ಅವರು ನನಗೆ ಹೇಳಿ ಹೇಳಿಯೇ ಬಿಎ ಮಾಡಿಸಿದ್ದು. ಆ ಮಾತಿನ ಹಿಂದೆ ಅವರು ಕಂಡ ಎಷ್ಟು ಸಗಣಿ, ಎಷ್ಟು ಕೆಸರು, ಎಷ್ಟು ಎಂಜಲು ಉಂಟು ಅಂತ ನನಗೆ ಗೊತ್ತು, ನಿಮಗೂ ಗೊತ್ತು. ಅದನ್ನು ನಾನು ಯಾವತ್ತೂ ತಪ್ಪು ಅನ್ನುವುದಿಲ್ಲ. ಆದರೆ ಮಗಳು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. "ಭಾನುವಾರ ಹೆಲ್ಮೆಟ್ ಹಾಕ್ಕೊಂಡು ಮಲ್ಪೆಗೆ ಹೋಗುವವರು ಅವರ ಸೈಕಲ್ ಅವರೇ ಬಿಚ್ತಾರಲ್ವಾ? ಅವರ ಕೈ ಕಪ್ಪಾಗುವುದಿಲ್ವಾ?"

ಆಗ್ತದೆ. ಅವರ ಕೈಗೆ ಹಿಡಿದರೆ ಅದು ಹವ್ಯಾಸ, ನಮ್ಮ ಕೈಗೆ ಹಿಡಿದರೆ ಕುಲಕಸುಬು. ನನ್ನ ಸಹೋದ್ಯೋಗಿಯ ಮಗ ಬೇಸಿಗೆ ಶಿಬಿರದಲ್ಲಿ ಸಣ್ಣ ಮೋಟಾರು, ಪ್ಲಾಸ್ಟಿಕ್ ಗೇರು ಜೋಡಿಸಿ ರೋಬೋಟ್ ಮಾಡಿದಾಗ ಕಚೇರಿಗೆಲ್ಲ ಲಡ್ಡು ಹಂಚಿದ್ದರು. ನಾನೂ ತಿಂದಿದ್ದೇನೆ, ಒಳ್ಳೆಯ ಲಡ್ಡು. ಆ ದಿನ ರಕ್ತದ ಮಾತು ಯಾರೂ ಎತ್ತಲಿಲ್ಲ. "ಎಂಥ ತಲೆ ಮಾರಾಯ್ರೆ, ಇಂಜಿನಿಯರ್ ಆಗ್ತಾನೆ" ಅಂದರು. ಗೇರೂ ಅದೇ, ಹಲ್ಲಿನ ಲೆಕ್ಕವೂ ಅದೇ. ಅವನದ್ದು ತಲೆ, ನನ್ನ ಮಗಳದ್ದು ರಕ್ತ. ಸೋಮವಾರ ನಾನು ಹೇಳಬೇಕಾಗಿದ್ದ ಮಾತು ಇದು.

ಇನ್ನೂ ಒಂದು ಉಂಟು. ಕೈಕೆಲಸ ನಮ್ಮ ರಕ್ತದಲ್ಲಿ ಇದೆ ಅನ್ನುವವರು ಚರಿತ್ರೆ ಓದಬೇಕು. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಅಸ್ಪೃಶ್ಯ ಕಾರ್ಮಿಕರು ಇದ್ದರು, ಆದರೆ ಒಳ್ಳೆಯ ಸಂಬಳದ ನೇಯ್ಗೆ ವಿಭಾಗಕ್ಕೆ ಅವರನ್ನು ಬಿಡುತ್ತಿರಲಿಲ್ಲ. ಅಲ್ಲಿ ದಾರ ತುಂಡಾದರೆ ಬಾಯಿಗೆ ಮುಟ್ಟಿಸಬೇಕಾಗ್ತಿತ್ತು, ಜೊತೆಯವರಿಗೆ ಮೈಲಿಗೆ. 1928ರ ಗಿರಣಿ ಮುಷ್ಕರದ ಸಮಯದಲ್ಲಿ ಬಾಬಾಸಾಹೇಬರು ಈ ವಿಷಯ ಎತ್ತಿ ಕಾರ್ಮಿಕ ನಾಯಕರನ್ನೇ ಪ್ರಶ್ನೆ ಮಾಡಿದರು. ಮಗ್ಗದ ಹತ್ತಿರ ಬಿಡದವರು ಈಗ ಬಂದು ನಿಮಗೆ ಯಂತ್ರ ಹುಟ್ಟಿನಿಂದಲೇ ಗೊತ್ತು ಅಂದರೆ? ನಮಗೆ ಕೊಟ್ಟದ್ದು ಕೊಳೆ, ಯಂತ್ರ ಅಲ್ಲ. ಯಂತ್ರ ಯಾವತ್ತೂ ಕೇಳಿ, ಜಗಳ ಮಾಡಿಯೇ ಪಡೆದುಕೊಂಡದ್ದು.

ನಮ್ಮ ಕಡೆಯವರ ಮಾತನ್ನೂ ಹೇಳಬೇಕು. ಚಳವಳಿಯ ಹಿರಿಯರೊಬ್ಬರು ಫೋನ್ ಮಾಡಿ, "ಕುಲಕಸುಬು ಬಿಡಿ ಅಂತ ನಾವು ಊರೂರು ತಿರುಗಿ ಹೇಳಿದ್ದು, ನೀವು ಮಗಳ ಕೈಗೆ ಸ್ಪ್ಯಾನರ್ ಕೊಟ್ಟು ಫೋಟೋ ಹಾಕ್ತೀರಿ" ಅಂದರು. ಅವರ ಸಿಟ್ಟು ಗೌರವಿಸುತ್ತೇನೆ. ಕೊರಗರ ಮೇಲಿನ ಅಜಲು ಪದ್ಧತಿ ನಿಷೇಧದ ಕಾಯ್ದೆ ನಮ್ಮ ರಾಜ್ಯದಲ್ಲಿ ಬಂದದ್ದು 2000ದಲ್ಲಿ, ಮೊನ್ನೆ ಮೊನ್ನೆ. ಹುಟ್ಟಿದ ತಪ್ಪಿಗೆ ಮಾಡಿಸುವ ಕೆಲಸ ಅಂದರೆ ಏನು ಅಂತ ಈ ಜಿಲ್ಲೆಯಲ್ಲಿ ನಿಂತು ಯಾರೂ ನನಗೆ ಪಾಠ ಮಾಡಬೇಕಾಗಿಲ್ಲ. ಅವರ ಇನ್ನೊಂದು ಭಯವೂ ಸರಿ. ಕೌಶಲ್ಯ ತರಬೇತಿ ಅಂತ ಬಂದ ಕೂಡಲೇ ನಮ್ಮ ಮಕ್ಕಳನ್ನು ಹೊಲಿಗೆಗೆ, ಅವರ ಮಕ್ಕಳನ್ನು ಇಂಜಿನಿಯರಿಂಗಿಗೆ ವಿಂಗಡಿಸಿ ಕಳಿಸುವವರು ಇದ್ದಾರೆ. ನಾನು ಅದಕ್ಕೆ ಕೈ ಎತ್ತಲಿಲ್ಲ. ಓದು ಬಿಟ್ಟು ಸ್ಪ್ಯಾನರ್ ಹಿಡಿ ಅಂದಿಲ್ಲ. ಅವಳು ಹಲ್ಲು ಎಣಿಸಿ ಭಾಗಾಕಾರ ಮಾಡಿದ್ದೂ ಓದೇ. ಪುಸ್ತಕ ನಮ್ಮ ಮನೆಗೆ ಬರುವಾಗ ಕೈಯನ್ನು ಬಾಗಿಲ ಹೊರಗೆ ಇಟ್ಟು ಬಾ ಅಂತ ನಾವೇ ಯಾಕೆ ಹೇಳಬೇಕು? ಇಷ್ಟೇ ನನ್ನ ತಕರಾರು. ಕೈಗಿಂತ ಬಾಯಿ ಮೇಲು ಅಂತ ಮಾಡಿಟ್ಟವರ ಅಳತೆಯಲ್ಲಿ ನಾವೂ ಅಳೆದುಕೊಂಡ ಹಾಗೆ ಆಗ್ತದೆ ಅದು. ಕಾಪುವಿನ ತಮ್ಮನನ್ನು ಇಪ್ಪತ್ತು ವರ್ಷ ನಾನು ಹಾಗೆ ಅಳೆದಿದ್ದೇನೆ, ಆದ್ದರಿಂದ ಹೇಳ್ತಿದ್ದೇನೆ.

ಸರಕಾರದ ವಿಷಯ ಚುಟುಕಾಗಿ. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡ್ತಿದ್ದರು, ಕೋವಿಡ್ ಬಂದಾಗ ನಿಂತಿತು. ಅದು ಪುನಃ ಬರಬೇಕು ಅಂತ ನಾವು ಕೇಳಲೇಬೇಕು. ಆದರೆ ಆ ಸೈಕಲುಗಳು ಈಗ ಎಲ್ಲಿವೆ ಅಂತ ನಮ್ಮ ಕಾಲನಿಗಳಲ್ಲಿ ಒಮ್ಮೆ ತಿರುಗಿ ನೋಡಿ. ನಾನು ನೋಡಿದ ಏಳೆಂಟು ಮನೆಗಳ ಹಿಂದೆ ಬಾಳೆಗಿಡಕ್ಕೆ ಒರಗಿಸಿ ಇಟ್ಟದ್ದೇ. ಯಾವುದೂ ಮುರಿದದ್ದಲ್ಲ. ಒಂದರಲ್ಲಿ ಚೈನು ಸಡಿಲ, ಒಂದರಲ್ಲಿ ಬಾಲ್ಸ್ ಇಲ್ಲ, ಒಂದಕ್ಕೆ ಬರೀ ಪಂಚರ್. ಆಯುಧ ಪೂಜೆಗೆ ತೊಳೆದು, ಸೇವಂತಿಗೆ ಹಾಕಿ, ಕುಂಕುಮ ಹಚ್ಚಿದ್ದು ಮಾತ್ರ ಕಾಣ್ತದೆ. ಚೈನಿಗೆ ಕುಂಕುಮದಿಂದ ಉಪಯೋಗ ಇಲ್ಲ, ನಾನು ಪರೀಕ್ಷೆ ಮಾಡಿದ್ದೇನೆ.

ನಾನು ಕೇಳುವುದು ದೊಡ್ಡದಲ್ಲ. ನಮ್ಮ ಅಂಬೇಡ್ಕರ್ ಭವನಗಳಲ್ಲಿ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಲ್ಲಿ ಒಂದು ಮೂಲೆಯಲ್ಲಿ ಗಟ್ಟಿ ಮೇಜು, ಅದಕ್ಕೊಂದು ವೈಸ್, ಒಂದು ಸೆಟ್ ಸ್ಪ್ಯಾನರ್, ಅಲೆನ್ ಕೀ, ಚೈನ್ ಕಟ್ಟರ್, ಫ್ರೀವೀಲ್ ಟೂಲು, ಪಂಪು. ಏಪ್ರಿಲ್ 14ರ ಶಾಮಿಯಾನದ ಬಾಡಿಗೆಯಲ್ಲಿ ಇಷ್ಟೂ ಬರ್ತದೆ. ವಾರಕ್ಕೊಮ್ಮೆ ಎರಡು ಗಂಟೆ ಬಾಗಿಲು ತೆರೆದಿಟ್ಟರೆ ಸಾಕು. ಕಲಿಸಲಿಕ್ಕೆ ಹೊರಗಿನಿಂದ ಸಂಪನ್ಮೂಲ ವ್ಯಕ್ತಿ ಬೇಡ. ವೆಲ್ಡಿಂಗಿನವರು, ಪ್ಲಂಬರು, ಬೋಟಿನ ಇಂಜಿನಿನವರು ನಮ್ಮಲ್ಲೇ ಇದ್ದಾರೆ. ನಮ್ಮ ಕಾರ್ಯಕ್ರಮಗಳಲ್ಲಿ ಅವರನ್ನು ನಾವು ಕರೆಯುವುದು ಕುರ್ಚಿ ಹಾಕಲಿಕ್ಕೆ. ಒಮ್ಮೆ ಮೈಕ್ ಕೊಟ್ಟು ನೋಡಬಹುದು. ಹೆಣ್ಣುಮಕ್ಕಳಿಗೆ ಮೊದಲ ಸರದಿ ಅಂತ ಬರೆದು ಅಂಟಿಸಬೇಕು, ಇಲ್ಲದಿದ್ದರೆ ಗಂಡುಮಕ್ಕಳು ಸ್ಪ್ಯಾನರ್ ಬಿಟ್ಟುಕೊಡುವುದಿಲ್ಲ. ಇದೂ ಅನುಭವದ ಮಾತು, ನಮ್ಮ ಅಂಗಳದ್ದು.

ಮಗಳು ಈಗ ಈಶ್ವರನಗರದ ಏರಿನಲ್ಲಿ ಇಳಿಯುವುದಿಲ್ಲ. ನಿಧಾನ ಹೋಗ್ತಾಳೆ, ಪಕ್ಕದಲ್ಲಿ ನಡೆಯುವವರು ದಾಟಿ ಹೋಗುವಷ್ಟು ನಿಧಾನ. ಆದರೂ ಇಳಿಯುವುದಿಲ್ಲ. ಮಳೆ ಪೂರ್ತಿ ಬಿಟ್ಟ ಮೇಲೆ ಕಾರ್ಕಳದ ಅಜ್ಜಿ ಮನೆಗೆ ಸೈಕಲಿನಲ್ಲೇ ಹೋಗಬೇಕಂತೆ, ಹಿರಿಯಡ್ಕ, ಬೈಲೂರು ದಾಟಿ. ನಾನು ಬಸ್ಸಿನಲ್ಲಿ ಬರ್ತೇನೆ ಅಂದರೆ ಒಪ್ಪುವುದಿಲ್ಲ. ಅಲ್ಲಿ ಗೊಮ್ಮಟನ ಬೆಟ್ಟ ಹತ್ತಿಸಿ ತೋರಿಸುತ್ತೇನೆ. 1432ರಲ್ಲಿ ಅದನ್ನು ನಿಲ್ಲಿಸಿದ ವೀರಪಾಂಡ್ಯನ ಹೆಸರು ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಸುಮಾರು 42 ಅಡಿಯ ಆ ಕಲ್ಲನ್ನು ಬಂಡೆಯ ಮೇಲಕ್ಕೆ ಎಳೆದವರು ಯಾರು, ಯಾವ ಸನ್ನೆ ಹಾಕಿ ಎಳೆದರು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಕೇಳಿಯೇ ಕೇಳ್ತಾಳೆ.

ಮುಂದಿನ ಡಿರೇಲರ್ ದೊಡ್ಡ ಚಕ್ರಕ್ಕೆ ಹೋಗುವಾಗ ಇನ್ನೂ ಸ್ವಲ್ಪ ಉಜ್ಜುತ್ತದೆ. ಗೊತ್ತಿದ್ದವರು ಹೇಳಿ.

ಟೂಲು ಬೇಕಾದವರಿಗೆ: ಚೈನ್ ಕಟ್ಟರ್, ಅಲೆನ್ ಕೀ ನಮ್ಮ ಮನೆಯಲ್ಲಿ ಉಂಟು. ಫ್ರೀವೀಲ್ ಟೂಲು ಕಾಪುವಿನಲ್ಲಿ ತಮ್ಮನ ವೈಸಿನ ಹತ್ತಿರ ಇಟ್ಟಿದ್ದೇನೆ, ಚಕ್ರ ಹಿಡಿದುಕೊಂಡು ಅಲ್ಲಿಗೇ ಹೋಗಿ. ಭಾನುವಾರ ಬೆಳಿಗ್ಗೆ ಒಂಬತ್ತರಿಂದ ನಮ್ಮ ಅಂಗಳದಲ್ಲಿ ನಾವು ಇರ್ತೇವೆ. ಹಳೆ ಬಟ್ಟೆ ಹಾಕ್ಕೊಂಡು ಬನ್ನಿ, ಮಕ್ಕಳನ್ನು ಕರ್ಕೊಂಡು ಬನ್ನಿ. ಚಾ ಇರ್ತದೆ.